ಚಾಳೀಸಿನ ಕನ್ನಡಕ: ತೆರಿಗೆ ಇಳಿದರೆ ಸಾಲದು, ನಂಬರೂ ಸರಿಯಿರಬೇಕು

ಬೆಂಗಳೂರು: ದೃಷ್ಟಿದೋಷ ಸರಿಪಡಿಸುವ ಕನ್ನಡಕ ಹಾಗೂ ಮಸೂರಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇ 12ರಿಂದ ಶೇ 5ಕ್ಕೆ ಇಳಿಸುವ ತೀರ್ಮಾನವನ್ನು ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್ 3ರಂದು ಕೈಗೊಂಡಿತು. ಅದೇ ತಿಂಗಳ 22ರಿಂದ ಅದು ಜಾರಿಗೂ ಬಂತು. ಟಿವಿ, ಕಾರು, ತುಪ್ಪಗಳ ಬೆಲೆ ಎಷ್ಟು ಇಳಿಯಿತು ಎಂಬ ಲೆಕ್ಕಾಚಾರದ ಗದ್ದಲದಲ್ಲಿ ಕನ್ನಡಕದ ಸುದ್ದಿ ಮೂಲೆ ಸೇರಿತು. ಟಿವಿ, ಕಾರು ಎಲ್ಲರ ಮನೆಗೂ ಬರಲಾರವು. ಆದರೆ ನಡುವಯಸ್ಸು ದಾಟಿದವರಿರುವ ಪ್ರತಿ ಮನೆಗೂ ಇಂದಲ್ಲ ನಾಳೆ ಕನ್ನಡಕ ಬಂದೇ ಬರುತ್ತದೆ.

ಬೆಲೆ ಇಳಿದದ್ದು ಸ್ವಾಗತಾರ್ಹವೇ. ಆದರೆ ಕನ್ನಡಕದ ವಿಷಯದಲ್ಲಿ ಬೆಲೆ ಅರ್ಧ ಪ್ರಶ್ನೆ ಮಾತ್ರ. ಯಾರಿಗೆ ಯಾವ ನಂಬರು, ಅದನ್ನು ಯಾರು, ಹೇಗೆ ನಿರ್ಧರಿಸಬೇಕು ಎಂಬುದು ಉಳಿದರ್ಧ. ಸರ್ಕಾರದ ಶಿಬಿರಗಳಲ್ಲೂ ರಸ್ತೆ ಬದಿಯ ಬುಟ್ಟಿಗಳಲ್ಲೂ ಈ ಎರಡನೆಯ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುತ್ತಿರುವ ಉತ್ತರ ಒಂದೇ: ವಯಸ್ಸು ಕೇಳಿ ನಂಬರು ಕೊಡುವುದು. ಬಹಳಷ್ಟು ಮಂದಿಗೆ ಅದು ಸರಿಹೋಗುತ್ತದೆ. ಸರಿಹೋಗದವರ ಪೈಕಿ ಒಂದು ದೊಡ್ಡ ವರ್ಗವಿದೆ. ದೂರದ್ದು ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೇ ತಮ್ಮ ಕಣ್ಣಿನಲ್ಲಿ ದೋಷವಿದೆಯೆಂದು ಎಂದೂ ಅರಿಯದವರು ಅವರು.

ಹೆಸರಿನಲ್ಲೇ ಗೊಂದಲ

ನಲವತ್ತರ ನಂತರ ಹತ್ತಿರದ ಅಕ್ಷರ ಮಸುಕಾಗುವುದನ್ನು ಕನ್ನಡಿಗರು ಬಹುಕಾಲದಿಂದ ಚಾಳೀಸು ಎಂದು ಕರೆಯುತ್ತಾ ಬಂದಿದ್ದಾರೆ. ಮರಾಠಿ, ಹಿಂದಿಗಳಲ್ಲಿ ನಲವತ್ತನ್ನು ಸೂಚಿಸುವ ಪದವೇ ಇಲ್ಲಿ ಕಣ್ಣಿನ ಸ್ಥಿತಿಗೂ ಅದಕ್ಕೆ ಹಾಕುವ ಕನ್ನಡಕಕ್ಕೂ ಹೆಸರಾಗಿದೆ. ಅಂದರೆ ವಯಸ್ಸು ಹೆಸರಿನಲ್ಲೇ ಅಂಟಿಕೊಂಡಿದೆ. ವೈದ್ಯರ ಭಾಷೆಯಲ್ಲಿ ಇದು ಪ್ರೆಸ್‌ಬಯೋಪಿಯಾ. ಇದು ರೋಗವಲ್ಲ. ಕಣ್ಣಿನೊಳಗಿನ ಮಸೂರ ವರ್ಷದಿಂದ ವರ್ಷಕ್ಕೆ ಬಿರುಸಾಗಿ, ಹತ್ತಿರದ ವಸ್ತುವನ್ನು ನೋಡಲು ಬೇಕಾದಷ್ಟು ಉಬ್ಬಲಾರದೆ ಹೋಗುವ ಸಹಜ ಬದಲಾವಣೆ.

ದೂರದೃಷ್ಟಿ ಎಂದು ಪಠ್ಯಪುಸ್ತಕಗಳು ಕರೆಯುವ ದೋಷ ಬೇರೆಯೇ. ಕಣ್ಣುಗುಡ್ಡೆ ತುಸು ಗಿಡ್ಡವಾಗಿರುವುದರಿಂದಲೋ, ಅದರ ಮುಂಭಾಗದ ಬಾಗು ಕಡಿಮೆಯಿರುವುದರಿಂದಲೋ ಬೆಳಕಿನ ಕಿರಣಗಳು ಅಕ್ಷಿಪಟಲದ ಹಿಂದೆ ಕೂಡುವ ಸ್ಥಿತಿ ಇದು. ಬಹುಮಟ್ಟಿಗೆ ಬಾಲ್ಯದಿಂದಲೇ ಇರುತ್ತದೆ. ಎರಡಕ್ಕೂ ಹಾಕುವುದು ಉಬ್ಬಿದ, ಪ್ಲಸ್ ಮಸೂರವೇ ಆದುದರಿಂದ ಜನ ಒಂದನ್ನು ಇನ್ನೊಂದೆಂದು ತಿಳಿಯುತ್ತಾರೆ. ರಾಜಕಾರಣಿಗಳ ಗುಣಗಾನಕ್ಕೆ ಬಳಸುವ ದೂರದೃಷ್ಟಿ ಎಂಬ ಪದವನ್ನೇ ಒಂದು ದೋಷಕ್ಕೂ ಇಟ್ಟಿರುವುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದೆ ಎಂದರೆ ತಪ್ಪಾಗಲಾರದು.

ಈ ಎರಡೂ ಒಂದೇ ಕಣ್ಣಿನಲ್ಲಿ ಸೇರಿದಾಗ ಏನಾಗುತ್ತದೆ ಎಂಬುದೇ ಇಲ್ಲಿನ ಮುಖ್ಯ ವಿಷಯ.

ಸ್ವಲ್ಪ ಲೆಕ್ಕ ಅನಿವಾರ್ಯ. ಮಸೂರದ ಶಕ್ತಿಯನ್ನು ಡಯಾಪ್ಟರ್‌ಗಳಲ್ಲಿ ಅಳೆಯುತ್ತಾರೆ. ಅಂಗಡಿಯಲ್ಲಿ ಹೇಳುವ ನಂಬರು ಅದೇ. ಪತ್ರಿಕೆಯನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದು ಓದಲು ಕಣ್ಣು 2.5 ಡಯಾಪ್ಟರ್‌ನಷ್ಟು ಹೊಂದಾಣಿಕೆ ಮಾಡಿಕೊಳ್ಳಬೇಕು. ತನ್ನಲ್ಲಿರುವ ಹೊಂದಾಣಿಕೆ ಶಕ್ತಿಯ ಅರ್ಧದಷ್ಟನ್ನು ಮಾತ್ರ ಅದು ಹೆಚ್ಚು ಹೊತ್ತು ದಣಿವಿಲ್ಲದೆ ಬಳಸಬಲ್ಲದು ಎಂಬುದು ನೇತ್ರ ತಜ್ಞರು ಒಪ್ಪಿ ನಡೆಯುವ ಅಂದಾಜು. ಈ ಶಕ್ತಿ ವಯಸ್ಸಿಗೆ ತಕ್ಕಂತೆ ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಹಾಫ್‌ಸ್ಟೆಟರ್ ಸೂತ್ರವಿದೆ: 18.5ರಿಂದ ವಯಸ್ಸಿನ ಹತ್ತನೇ ಮೂರು ಭಾಗವನ್ನು ಕಳೆದರೆ ಬರುವುದು ಸರಾಸರಿ. ಅದರಂತೆ 45ನೇ ವಯಸ್ಸಿನಲ್ಲಿ ಉಳಿಯುವುದು 5 ಡಯಾಪ್ಟರ್. ಅದರ ಅರ್ಧ 2.5. ಅಂದರೆ ದೋಷವಿಲ್ಲದ ಕಣ್ಣಿಗೆ ತೊಂದರೆ ಆರಂಭವಾಗುವುದು ಅಲ್ಲಿಂದ ಮುಂದೆ. ನಮ್ಮಂತಹ ಬಿಸಿಲ ನಾಡುಗಳಲ್ಲಿ ಇದು ಕೆಲವು ವರ್ಷ ಮೊದಲೇ ಕಾಣಿಸಿಕೊಳ್ಳುವುದುಂಟು.

ಈಗ ಒಂದೂವರೆ ಡಯಾಪ್ಟರ್ ದೂರದೃಷ್ಟಿ ದೋಷವಿರುವ ಕಣ್ಣನ್ನು ತೆಗೆದುಕೊಳ್ಳೋಣ. ದೂರದ ಮರವನ್ನು ನೋಡುವುದಕ್ಕೇ ಅದು 1.5ರಷ್ಟು ಶ್ರಮಿಸುತ್ತಿರುತ್ತದೆ. ಓದಲು ಕುಳಿತರೆ ಮತ್ತೆ 2.5 ಸೇರಿ ಒಟ್ಟು 4 ಬೇಕು. ಅರ್ಧದ ನಿಯಮದಂತೆ ಕೈಯಲ್ಲಿ 8 ಡಯಾಪ್ಟರ್ ಇರಬೇಕಾಗುತ್ತದೆ. ಅದೇ ಸೂತ್ರದ ಪ್ರಕಾರ 8 ಡಯಾಪ್ಟರ್ ಉಳಿದಿರುವುದು 35ನೇ ವಯಸ್ಸಿನವರೆಗೆ. ಅಂದರೆ ಇವರಿಗೆ ಚಾಳೀಸು ಬರುವುದು ಇತರರಿಗಿಂತ ಹತ್ತು ವರ್ಷ ಮೊದಲು, ಇನ್ನೂ ನಲವತ್ತಾಗದಿರುವಾಗ.

ಮೂವತ್ತಾರು, ಮೂವತ್ತೇಳರ ಹರೆಯದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದೆ ಕೂರುವ ಮಹಿಳೆಯನ್ನು ಊಹಿಸಿಕೊಂಡರೆ ಈ ಹತ್ತು ವರ್ಷದ ಅರ್ಥ ತಿಳಿಯುತ್ತದೆ. ಸೂಜಿಗೆ ದಾರ ಪೋಣಿಸಲು ಎರಡು ಮೂರು ಬಾರಿ ಯತ್ನಿಸಬೇಕು. ಮಧ್ಯಾಹ್ನದ ಮೇಲೆ ಹಣೆ ಸಿಡಿತ. ಕಪ್ಪು ಬಟ್ಟೆಗೆ ಕಪ್ಪು ದಾರವಾದರೆ ಹೊಲಿಗೆ ವಕ್ರ. ಗಂಟೆಗಿಷ್ಟು ಎಂದು ಗುರಿ ನಿಗದಿಯಾಗಿರುವ ಕಡೆ ಇದಕ್ಕೆ ಸಿಗುವ ಹೆಸರು ನಿಧಾನ, ಅಜಾಗರೂಕತೆ. ಚಾಳೀಸು ಎಂದು ಯಾರಿಗೂ ಹೊಳೆಯದು, ಆಕೆಗೂ ಹೊಳೆಯದು. ಬಸ್ಸಿನ ಬೋರ್ಡನ್ನು ಎಲ್ಲರಿಗಿಂತ ಮೊದಲು ಓದುವವಳು ಅವಳೇ ಅಲ್ಲವೇ.

ಆರು ಮೀಟರ್ ಫಲಕದ ಮಿತಿ

ಇಂತಹವರು ಚಿಕ್ಕಂದಿನಿಂದಲೂ ತಪಾಸಣೆಯ ಬಲೆಯಿಂದ ತಪ್ಪಿಸಿಕೊಂಡೇ ಬಂದಿರುತ್ತಾರೆ. ಶಾಲೆಗಳಲ್ಲಿ, ಶಿಬಿರಗಳಲ್ಲಿ ಆರು ಮೀಟರ್ ದೂರದಲ್ಲಿ ಅಕ್ಷರಗಳ ಫಲಕ ತೂಗುಹಾಕಿ ಓದಿಸುವುದು ರೂಢಿ. ಸಮೀಪದೃಷ್ಟಿ ದೋಷದ ಮಗು ಅದರಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ದೂರದೃಷ್ಟಿ ದೋಷದ ಮಗು ಕಣ್ಣಿನ ಸ್ನಾಯುಗಳನ್ನು ಬಿಗಿದು ಕೊನೆಯ ಸಾಲನ್ನೂ ಓದಿ, 6/6 ಎಂಬ ಶಹಭಾಷ್‌ಗಿರಿಯೊಂದಿಗೆ ಹೊರಬರುತ್ತದೆ. ಇಪ್ಪತ್ತೈದು ವರ್ಷಗಳ ನಂತರ ಅದೇ ಕಣ್ಣು ದಣಿದಾಗ ಆ ಹಳೆಯ 6/6ನ ನೆನಪು ತಪ್ಪು ಧೈರ್ಯ ಕೊಡುತ್ತದೆ.

ಇದನ್ನು ಪತ್ತೆಹಚ್ಚಲು ದುಬಾರಿ ಯಂತ್ರವೇನೂ ಬೇಡ. ಒಂದೂವರೆ ಅಥವಾ ಎರಡು ಡಯಾಪ್ಟರ್‌ನ ಒಂದು ಜೊತೆ ಪ್ಲಸ್ ಮಸೂರವನ್ನು ಕಣ್ಣಿಗೆ ಹಿಡಿದು ಅದೇ ಫಲಕವನ್ನು ಮತ್ತೊಮ್ಮೆ ಓದಿಸಿದರೆ ಸಾಕು. ದೋಷವಿಲ್ಲದ ಕಣ್ಣಿಗೆ ಫಲಕ ಮಬ್ಬಾಗುತ್ತದೆ. ಮಸೂರದ ಮೂಲಕವೂ ಸಣ್ಣ ಅಕ್ಷರ ಸ್ಪಷ್ಟವಾಗಿ ಕಂಡರೆ ಅಲ್ಲಿ ಅಡಗಿರುವುದು ದೂರದೃಷ್ಟಿ ದೋಷ. ಒಂದು ನಿಮಿಷದ ಕೆಲಸ. ಆದರೂ ಸಾಮೂಹಿಕ ಶಿಬಿರಗಳ ತರಾತುರಿಯಲ್ಲಿ ಇದಕ್ಕೆ ಜಾಗ ಸಿಗುವುದು ಅಪರೂಪ.

ನಂಬರು ಬರೆಯುವ ಹಂತದಲ್ಲೂ ಇವರದು ಪ್ರತ್ಯೇಕ ಪ್ರಕರಣ. ಐವತ್ತರ ಆಸುಪಾಸಿನವರಿಗೆ ಓದಲು ಸಾಮಾನ್ಯವಾಗಿ ಎರಡು ಡಯಾಪ್ಟರ್‌ನಷ್ಟು ಹೆಚ್ಚುವರಿ ಶಕ್ತಿ ಬೇಕು. ದೋಷವಿಲ್ಲದವರಿಗೆ ಪ್ಲಸ್ 2 ಕನ್ನಡಕವೇ ಸಾಕು. ಒಂದೂವರೆ ಡಯಾಪ್ಟರ್ ದೂರದೃಷ್ಟಿ ಇದ್ದವರಿಗಾದರೋ ದೂರಕ್ಕೆ ಪ್ಲಸ್ 1.5, ಓದಲು ಎರಡೂ ಕೂಡಿ ಪ್ಲಸ್ 3.5. ವಯಸ್ಸು ಕೇಳಿ ಪ್ಲಸ್ 2 ಕೊಟ್ಟು ಕಳುಹಿಸಿದರೆ ಅದರ ಬಹುಪಾಲು ಹಳೆಯ ಸಾಲ ತೀರಿಸುವುದಕ್ಕೇ ಹೋಗಿ ಓದಿಗೆ ಉಳಿಯುವುದು ಅರ್ಧ ಡಯಾಪ್ಟರ್ ಮಾತ್ರ. ಎರಡೂವರೆ ಡಯಾಪ್ಟರ್‌ನ ಸಮೀಪದೃಷ್ಟಿ ದೋಷವಿರುವ ಅದೇ ವಯಸ್ಸಿನ ನೆರೆಮನೆಯವರು ಕನ್ನಡಕ ತೆಗೆದಿಟ್ಟು ಬರಿಗಣ್ಣಿನಲ್ಲೇ ಪಂಚಾಂಗ ಓದುತ್ತಿರುತ್ತಾರೆ. ವಯಸ್ಸೊಂದರಿಂದಲೇ ನಂಬರು ಹೇಳಲಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ಲೆಕ್ಕದಲ್ಲಿ ಬಂದ ನಂಬರನ್ನು ಪೂರ್ತಿಯಾಗಿ ಒಮ್ಮೆಗೇ ಬರೆದರೂ ಕಷ್ಟವೇ. ಹತ್ತಾರು ವರ್ಷ ಬಿಗಿದುಕೊಂಡೇ ಇದ್ದ ಸ್ನಾಯು ಒಂದೇ ದಿನದಲ್ಲಿ ಸಡಿಲವಾಗದು. ದೂರದ ಪೂರ್ತಿ ನಂಬರು ಹಾಕಿದೊಡನೆ ರಸ್ತೆ ಮಬ್ಬಾಗಿ ಕಂಡು, 'ಕನ್ನಡಕ ಹಾಕಿ ಇದ್ದ ಕಣ್ಣೂ ಕೆಟ್ಟಿತು' ಎಂದು ಅದನ್ನು ಪೆಟ್ಟಿಗೆಯಲ್ಲಿಟ್ಟವರು ಬಹಳ. ಅನುಭವಿ ತಪಾಸಕರು ಮೊದಲು ಓದಿನ ಕನ್ನಡಕ ಕೊಟ್ಟು, ದೂರದ ನಂಬರನ್ನು ಭಾಗಶಃ ಬರೆದು, ಕೆಲವು ತಿಂಗಳ ನಂತರ ಮತ್ತೆ ಕರೆದು ಏರಿಸುತ್ತಾರೆ. ಕನ್ನಡಕ ಹಾಕಿದ್ದರಿಂದ ನಂಬರು ಏರುತ್ತದೆ ಎಂಬ ನಂಬಿಕೆಗೂ ಬಹುಶಃ ಮೂಲ ಇದೇ. ವಾಸ್ತವದಲ್ಲಿ ಅಡಗಿದ್ದ ದೋಷ ಹೊರಗೆ ಬರುತ್ತಿರುತ್ತದೆ. ಜೊತೆಗೆ ವಯಸ್ಸೂ ಏರುತ್ತಿರುತ್ತದೆ.

ಕೆಲಸದ ಅಂತರವನ್ನೂ ಕೇಳಬೇಕಾಗುತ್ತದೆ. ಕಸೂತಿ ಹಾಕುವವರ ಕೈ ಮೂವತ್ತಮೂರು ಸೆಂಟಿಮೀಟರ್ ದೂರದಲ್ಲಿದ್ದರೆ ಬೇಕಾದದ್ದು 3 ಡಯಾಪ್ಟರ್. ಕಂಪ್ಯೂಟರ್ ಪರದೆ ಅದರ ಎರಡು ಪಟ್ಟು ದೂರದಲ್ಲಿದ್ದರೆ ಒಂದೂವರೆ ಮಾತ್ರ. ಬ್ಯಾಂಕ್ ಗುಮಾಸ್ತರಿಗೂ ಮಗ್ಗದ ಮುಂದಿನ ನೇಕಾರರಿಗೂ ಹೂ ಕಟ್ಟುವವರಿಗೂ ಬೀಡಿ ಕಟ್ಟುವವರಿಗೂ ಒಂದೇ ಓದುವ ಫಲಕ ಹಿಡಿದು ಒಂದೇ ನಂಬರು ಬರೆಯುವುದು ಅರ್ಧ ಸೇವೆ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಅವುಗಳ ಕೆಳಭಾಗದಿಂದ ಮೆಟ್ಟಿಲು ಮಬ್ಬಾಗಿ ಕಾಣುವುದರಿಂದ ವಯಸ್ಸಾದವರು ಎಡವುವ ಅಪಾಯವಿದೆ. ಹೊರಗೆ ಹೆಚ್ಚು ಓಡಾಡುವ ಹಿರಿಯರಿಗೆ ದೂರಕ್ಕೊಂದು, ಓದಿಗೊಂದು ಎಂದು ಎರಡು ಸಾದಾ ಕನ್ನಡಕ ಕೊಡುವುದು ಅಗ್ಗವೂ ಹೌದು, ಕ್ಷೇಮವೂ ಹೌದು.

ಕನ್ನಡಕ ಮತ್ತು ಕೂಲಿ

ಇಷ್ಟೆಲ್ಲ ಸೂಕ್ಷ್ಮಗಳಿವೆ ಎಂದು ತಜ್ಞರ ಸಹಿ ಇಲ್ಲದೆ ಯಾರಿಗೂ ಕನ್ನಡಕ ಕೊಡಬಾರದೆಂದರೆ ಅದು ಇನ್ನೂ ದೊಡ್ಡ ಅನ್ಯಾಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ದೃಷ್ಟಿ ಕುರಿತ ಜಾಗತಿಕ ವರದಿಯಂತೆ, ಜಗತ್ತಿನಲ್ಲಿ ದೃಷ್ಟಿ ನ್ಯೂನತೆ ಇರುವವರು ಕನಿಷ್ಠ 220 ಕೋಟಿ. ಅವರಲ್ಲಿ ಕನಿಷ್ಠ 100 ಕೋಟಿ ಮಂದಿಯ ತೊಂದರೆಯನ್ನು ತಡೆಯಬಹುದಿತ್ತು ಇಲ್ಲವೇ ಇನ್ನೂ ಸರಿಪಡಿಸಬೇಕಿದೆ. ಆ 100 ಕೋಟಿಯೊಳಗೆ 82.6 ಕೋಟಿ ಮಂದಿಗೆ ಬೇಕಿದ್ದುದು ಕೇವಲ ಚಾಳೀಸಿನ ಕನ್ನಡಕ.

ಅದರ ಬೆಲೆಯೇನು ಎಂಬುದಕ್ಕೆ ಭಾರತದಲ್ಲೇ ಪುರಾವೆಯಿದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ನಡುವೆ ನಡೆದ ಅಧ್ಯಯನ 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರು ಕಿತ್ತ ಎಲೆಯ ಪ್ರಮಾಣ, ಪಡೆಯದವರಿಗೆ ಹೋಲಿಸಿದರೆ ಶೇ 21.7ರಷ್ಟು ಹೆಚ್ಚಿತು. ಬಾಂಗ್ಲಾದೇಶದ ಹಳ್ಳಿಗಳ 824 ಮಂದಿಯ ಕುರಿತು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಎಂಟು ತಿಂಗಳ ನಂತರ ಕನ್ನಡಕ ಧರಿಸಿದವರ ಆದಾಯ ಮೂರನೇ ಒಂದರಷ್ಟು ಹೆಚ್ಚಾಗಿದ್ದುದು ಕಂಡುಬಂತು. ಇಷ್ಟು ಅಗ್ಗದಲ್ಲಿ ಕೂಲಿ ಹೆಚ್ಚಿಸುವ ಯೋಜನೆ ಬೇರೆ ಯಾವುದಿದೆ?

ಆದರೆ ಈ ಅಂಕಿಗಳನ್ನು ಉಲ್ಲೇಖಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅಸ್ಸಾಮಿನಲ್ಲಿ ಅಧ್ಯಯನಕ್ಕೆ ಆರಿಸಿಕೊಂಡದ್ದು ದೂರದ ನೋಟ ಚೆನ್ನಾಗಿದ್ದು, ಬೇರೆ ನೇತ್ರರೋಗವಿಲ್ಲದೆ, ಓದುವ ಕನ್ನಡಕದಿಂದ ನೋಟ ಸರಿಹೋಗುವುದು ಖಚಿತವಾದವರನ್ನು. ಅಂದರೆ ತಪಾಸಣೆ ಮೊದಲು ನಡೆದಿತ್ತು, ಕನ್ನಡಕ ನಂತರ ಬಂತು. ಬುಟ್ಟಿಯಿಂದ ತೆಗೆದುಕೊಟ್ಟ ಕನ್ನಡಕಕ್ಕೂ ಅದೇ ಫಲ ಸಿಗುತ್ತದೆಂದು ಹೇಳಲು ಈ ಅಧ್ಯಯನ ಆಧಾರವಾಗದು.

ವಿಶ್ವ ಆರೋಗ್ಯ ಸಂಸ್ಥೆ ನಡುವಿನ ದಾರಿಯೊಂದನ್ನು ತೋರಿಸಿದೆ. ಆರೋಗ್ಯ ಕಾರ್ಯಕರ್ತರಿಗೆ ಕಿರು ತರಬೇತಿ ನೀಡಿ, ಸರಳ ಪ್ರಕರಣಗಳಿಗೆ ಅವರೇ ಸಿದ್ಧ ಕನ್ನಡಕ ಕೊಟ್ಟು, ಅನುಮಾನ ಬಂದವರನ್ನು ಮೇಲಿನ ಹಂತಕ್ಕೆ ಕಳುಹಿಸುವುದು. ಎಲ್ಲ ಹಳ್ಳಿಗೂ ಆಪ್ಟೊಮೆಟ್ರಿಸ್ಟ್ ಸಿಗಲಾರದ ದೇಶಕ್ಕೆ ಇದು ಪ್ರಾಯೋಗಿಕ. ಅನುಮಾನ ಯಾವಾಗ ಪಡಬೇಕು ಎಂಬುದನ್ನು ಚೆನ್ನಾಗಿ ಕಲಿಸಿದರೆ ಮಾತ್ರ. ನಲವತ್ತಕ್ಕೂ ಮೊದಲೇ ಅಕ್ಷರ ಮಸುಕು, ವಯಸ್ಸಿಗೆ ಮೀರಿದ ನಂಬರು, ಒಂದು ಕಣ್ಣಿಗೂ ಇನ್ನೊಂದಕ್ಕೂ ವ್ಯತ್ಯಾಸ: ಇವು ಕಂಡರೆ ಮೇಲಕ್ಕೆ ಕಳುಹಿಸಲೇಬೇಕು. ಎರಡು ಕಣ್ಣಿಗೂ ಸಮನಾದ ದೋಷವಿದ್ದರೆ ರಸ್ತೆ ಬದಿಯಲ್ಲಿ ಹತ್ತಾರು ಕನ್ನಡಕ ಹಾಕಿ ನೋಡಿ ಆರಿಸಿಕೊಂಡದ್ದೂ ಓದಿಗೆ ಸರಿಯೇ ಆಗಿರಬಹುದು. ವ್ಯಾಪಾರಿಯನ್ನು ದೂರಿ ಪ್ರಯೋಜನವಿಲ್ಲ. ಆದರೆ ಆ ಬುಟ್ಟಿಯ ಕನ್ನಡಕದ ಎರಡೂ ಗಾಜು ಒಂದೇ ನಂಬರಿನವು.

ನಂಬರಿನಾಚೆಯ ಅಪಾಯ

ದೂರದೃಷ್ಟಿ ದೋಷದವರನ್ನು ಮೇಲಿನ ಹಂತಕ್ಕೆ ಕಳುಹಿಸಬೇಕೆನ್ನುವುದಕ್ಕೆ ನಂಬರಿಗಿಂತ ಗಂಭೀರವಾದ ಕಾರಣವೂ ಇದೆ. ಗಿಡ್ಡ ಕಣ್ಣುಗುಡ್ಡೆಯ ಮುಂಭಾಗದಲ್ಲಿ ದ್ರವ ಹರಿದುಹೋಗುವ ಕೋನ ಇಕ್ಕಟ್ಟಾಗಿರುತ್ತದೆ. ವಯಸ್ಸಿನೊಂದಿಗೆ ಒಳಗಿನ ಮಸೂರ ದಪ್ಪವಾದಂತೆ ಆ ಕೋನ ಮುಚ್ಚಿಕೊಂಡು ಕಣ್ಣಿನ ಒತ್ತಡ ಏರುವ ಒಂದು ಬಗೆಯ ಗ್ಲಾಕೋಮಾಕ್ಕೆ ಇವರು ಹೆಚ್ಚು ಈಡಾಗುತ್ತಾರೆ. ಏಷ್ಯಾದವರಲ್ಲಿ ಈ ಬಗೆ ಹೆಚ್ಚು. ಹಲವರಲ್ಲಿ ನೋವಿಲ್ಲದೆ ಸದ್ದಿಲ್ಲದೆ ನೋಟದ ಅಂಚುಗಳನ್ನು ತಿನ್ನುವ ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಮರಳದು. ಬೇಗ ಕಂಡುಹಿಡಿದರೆ ಲೇಸರ್ ಚಿಕಿತ್ಸೆಯಿಂದ ತಡೆಯುವ ಅವಕಾಶವಿದೆ. ಚಾಳೀಸಿನ ಮೊದಲ ಕನ್ನಡಕಕ್ಕಾಗಿ ಬರುವ ದಿನ, ಬಹಳ ಮಂದಿಗೆ ಬದುಕಿನಲ್ಲಿ ಮೊದಲ ಬಾರಿ ಕಣ್ಣನ್ನು ಯಾರಾದರೂ ಸರಿಯಾಗಿ ನೋಡುವ ದಿನ. ಬುಟ್ಟಿಯ ಕನ್ನಡಕ ಕೊಂಡವರು ಆ ದಿನವನ್ನು ಕಳೆದುಕೊಳ್ಳುತ್ತಾರೆ.

ಸಕ್ಕರೆ ಕಾಯಿಲೆಯದು ಇನ್ನೊಂದು ಕಥೆ. ರಕ್ತದ ಸಕ್ಕರೆ ವಿಪರೀತ ಏರಿದ್ದವರಿಗೆ ಚಿಕಿತ್ಸೆ ಆರಂಭಿಸಿದ ಮೊದಲ ವಾರಗಳಲ್ಲಿ ಕಣ್ಣಿನ ನಂಬರು ಪ್ಲಸ್ ಕಡೆಗೆ ಸರಿಯುವುದುಂಟು. ಆಗ ಅವಸರದಲ್ಲಿ ಮಾಡಿಸಿದ ಕನ್ನಡಕ ಕೆಲವು ವಾರಗಳಲ್ಲೇ ನಿರುಪಯುಕ್ತವಾಗುತ್ತದೆ. ಸಕ್ಕರೆ ಸ್ಥಿರವಾಗುವವರೆಗೆ ಕಾಯಿರಿ ಎಂದು ಹೇಳುವವರು ಶಿಬಿರದಲ್ಲಿ ಇರಬೇಕು.

ಕನ್ನಡಕವೇ ಬೇಡ, ಹನಿ ಔಷಧ ಸಾಕು ಎಂಬ ಆಸೆಯೂ ಈ ನಡುವೆ ಸುಳಿದು ಹೋಯಿತು. ಪಾಪೆಯನ್ನು ಕಿರಿದಾಗಿಸಿ ಕೆಲವು ಗಂಟೆ ಹತ್ತಿರದ ನೋಟವನ್ನು ಸುಧಾರಿಸುವ ಪೈಲೋಕಾರ್ಪಿನ್ ಹನಿಗಳಿಗೆ ಅಮೆರಿಕ 2021ರಲ್ಲಿ ಒಪ್ಪಿಗೆ ನೀಡಿತ್ತು. ಅಂತಹುದೇ ಔಷಧಕ್ಕೆ ಭಾರತದಲ್ಲಿ 2024ರ ಆಗಸ್ಟ್‌ನಲ್ಲಿ ಅನುಮತಿ ದೊರೆತು, ಓದುವ ಕನ್ನಡಕದಿಂದ ಮುಕ್ತಿ ಎಂಬ ಪ್ರಚಾರ ಭರದಿಂದ ನಡೆಯಿತು. ಅನುಮತಿಯ ಮಿತಿ ಮೀರಿ ಪ್ರಚಾರ ನಡೆದಿದೆ ಎಂದು ಔಷಧ ನಿಯಂತ್ರಕರು ಸೆಪ್ಟೆಂಬರ್ 10ರಂದು ಅದನ್ನು ಅಮಾನತಿನಲ್ಲಿಟ್ಟರು. ಮೂರೇ ವಾರದಲ್ಲಿ ಮುಗಿದ ಆ ಸಂಭ್ರಮ ಒಂದನ್ನಂತೂ ತೋರಿಸಿಕೊಟ್ಟಿತು: ಕನ್ನಡಕ ಹಾಕಲು ಹಿಂಜರಿಯುವವರ ಮಾರುಕಟ್ಟೆ ಎಷ್ಟು ದೊಡ್ಡದು.

ಎಣಿಕೆ ಯಾವುದರದು?

1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ದಶಕಗಳ ಕಾಲ ಗಮನ ಹರಿಸಿದ್ದು ಮುಖ್ಯವಾಗಿ ಕಣ್ಣಿನ ಪೊರೆಯ ಮೇಲೆ. ಅದು ತಪ್ಪೂ ಅಲ್ಲ. ಅಂಧತ್ವಕ್ಕೆ ಮೊದಲ ಕಾರಣ ಇಂದಿಗೂ ಪೊರೆಯೇ. ಬಡ ವೃದ್ಧರಿಗೆ ಹತ್ತಿರದ ಕೆಲಸಕ್ಕೆ ಉಚಿತ ಕನ್ನಡಕ ಕೊಡುವ ಅಂಶ ಸೇರಿದ್ದು ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ. ಆದರೆ ವೃದ್ಧರು ಎಂಬ ಆ ಪದವೇ ದುಡಿಯುವ ನಡುವಯಸ್ಸಿನವರನ್ನು ಹೊರಗಿಡುತ್ತದೆ. ಕರ್ನಾಟಕದ ಆಶಾಕಿರಣ ಯೋಜನೆ ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದಿದೆ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಪ್ರಾಥಮಿಕ ತಪಾಸಣೆ ನಡೆಸುತ್ತಾರೆ. ಅನುಮಾನ ಬಂದವರನ್ನು ನೇತ್ರಾಧಿಕಾರಿಗಳು ಪರೀಕ್ಷಿಸಿ ಉಚಿತ ಕನ್ನಡಕಕ್ಕೆ ಶಿಫಾರಸು ಮಾಡುತ್ತಾರೆ. ಮೇಲೆ ಹೇಳಿದ ಒಂದು ನಿಮಿಷದ ಪ್ಲಸ್ ಮಸೂರ ಪರೀಕ್ಷೆಯನ್ನು ಅಳವಡಿಸಲು ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಇಲ್ಲ.

ಕಾರ್ಖಾನೆಗಳಲ್ಲೂ ಇದಕ್ಕೆ ಅವಕಾಶವಿದೆ. ಚಾಲನಾ ಪರವಾನಗಿ ಪಡೆಯುವ ನಲವತ್ತು ದಾಟಿದವರು ವೈದ್ಯಕೀಯ ಪ್ರಮಾಣಪತ್ರ ನೀಡಬೇಕೆಂಬ ನಿಯಮ ಇರುವಾಗ, ದಿನವಿಡೀ ಸೂಜಿಯ ಮೇಲೆ ಕಣ್ಣಿಟ್ಟು ದುಡಿಯುವ ಮೂವತ್ತೈದು ದಾಟಿದವರಿಗೆ ವರ್ಷಕ್ಕೊಮ್ಮೆ ಹತ್ತಿರದ ನೋಟದ ಪರೀಕ್ಷೆ ಏಕಿರಬಾರದು? ಚಹಾ ತೋಟದ ಅಂಕಿಗಳನ್ನು ನೋಡಿದರೆ ಖರ್ಚು ಮಾಲೀಕರಿಗೂ ನಷ್ಟದ ಬಾಬ್ತಲ್ಲ.

ಆಪ್ಟೊಮೆಟ್ರಿಸ್ಟ್‌ಗಳ ವೃತ್ತಿಗೆ 2021ರ ಕೇಂದ್ರ ಕಾಯ್ದೆಯೊಂದು ಮೊದಲ ಬಾರಿಗೆ ಶಾಸನಬದ್ಧ ಮಾನ್ಯತೆ ನೀಡಿದೆ. ಅದೇ ವರ್ಷ ವಿಶ್ವ ಆರೋಗ್ಯ ಅಧಿವೇಶನದಲ್ಲಿ ಸದಸ್ಯ ರಾಷ್ಟ್ರಗಳು ಇನ್ನೊಂದು ಗುರಿಗೆ ಒಪ್ಪಿಗೆ ಸೂಚಿಸಿದವು. 2030ರ ಹೊತ್ತಿಗೆ ದೃಷ್ಟಿದೋಷಕ್ಕೆ ಪರಿಣಾಮಕಾರಿ ಪರಿಹಾರ ಪಡೆದವರ ಪ್ರಮಾಣ ಶೇಕಡ 40 ಅಂಶಗಳಷ್ಟು ಹೆಚ್ಚಬೇಕು. ಪರಿಣಾಮಕಾರಿ ಎಂಬ ಪದ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಕನ್ನಡಕ ಹಾಕಿಕೊಂಡ ಮೇಲೂ ನಿಗದಿತ ಗಾತ್ರದ ಅಕ್ಷರ ಓದಲಾಗದಿದ್ದವರನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ.

ನಮ್ಮಲ್ಲಿ ಶಿಬಿರ ಮುಗಿದ ಮೇಲೆ ಪತ್ರಿಕಾ ಪ್ರಕಟಣೆಗಳಲ್ಲಿ ಬರುವುದು ವಿತರಿಸಿದ ಕನ್ನಡಕಗಳ ಸಂಖ್ಯೆ. ಮೂರು ತಿಂಗಳ ನಂತರ ಅವುಗಳಲ್ಲಿ ಎಷ್ಟು ಮೂಗಿನ ಮೇಲಿವೆ, ಎಷ್ಟು ಪೆಟ್ಟಿಗೆಯಲ್ಲಿವೆ ಎಂದು ಅದೇ ಆಶಾ ಕಾರ್ಯಕರ್ತೆಯೇ ಮುಂದಿನ ಭೇಟಿಯಲ್ಲಿ ಒಂದು ಸಾಲು ಬರೆದುಕೊಂಡು ಬರಬಹುದು. ಪೆಟ್ಟಿಗೆಯಲ್ಲಿದೆ ಎಂದವರ ಕೈಗೆ ನೇತ್ರಾಧಿಕಾರಿಯ ಬಳಿಗೆ ಹೋಗಲು ಒಂದು ಚೀಟಿ ಕೊಟ್ಟರೆ, ಅಡಗಿ ಕುಳಿತ ದೂರದೃಷ್ಟಿ ದೋಷದವರಲ್ಲಿ ಹಲವರು ಅಲ್ಲಿಯೇ ಸಿಗುತ್ತಾರೆ.